ಮೂರನೆಯ ವಾಷರ್

"ಮತ್ತೆ ಶುರುವಾಯ್ತು ನೋಡ್ರೀ, ತೊಟ್ ತೊಟ್ ಅಂತ." ಹೆಂಡತಿ ಎದುರಿಗೆ ಬಂದು ನಿಂತು ಹೇಳಿದಳು.

ಮೇಸ್ತ್ರಿ ಚಹಾದ ಲೋಟ ಕುಕ್ಕಿದ. ಮೂರು ದಿನದಲ್ಲಿ ಇದು ಮೂರನೆಯ ಸಲ. "ನನಗೇನು ಕೇಳಿಸ್ತಿಲ್ವಾ? ಬೆಳಗ್ಗಿಂದ ತಲೆ ತಿಂತಿದೆ, ದರಿದ್ರದ್ದು!" ಎನ್ನುತ್ತ ಸ್ಪ್ಯಾನರ್ ಹಿಡಿದು ಅಡುಗೆಮನೆಗೆ ನುಗ್ಗಿದ.

ಮೂವತ್ತು ವರ್ಷ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದವನಿಗೆ ಒಂದು ನಲ್ಲಿ ಸವಾಲು ಹಾಕುವುದೆಂದರೇನು! ಪ್ಲಂಬರನ್ನು ಕರೆಸೋಣವೆಂದರೆ ಉರಿದುಬೀಳುತ್ತಿದ್ದ. ಉರಿಯಲು ಕಾರಣವೂ ಇತ್ತು. ಅವನು ಪರೀಕ್ಷಿಸಿ 'ಹೋಗಲಿ' ಎಂದು ಕಳಿಸಿದ ಬಸ್ಸೊಂದು ಕಳೆದ ವಾರ ಇಳಿಜಾರಿನಲ್ಲಿ ಇಂಜಿನ್ ಜಾಮ್ ಆಗಿ ಮೋರಿಗೆ ಬಡಿದಿತ್ತು. ಡ್ರೈವರ್ ಬೇರೆ ಯಾರೂ ಅಲ್ಲ, ಹೆಂಡತಿಯ ಒಡಹುಟ್ಟಿದ ತಮ್ಮ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಮೇಸ್ತ್ರಿಯ ಕೈಚಳಕ ಹೋಯಿತು, ಇನ್ನು ಮನೆಯಲ್ಲಿ ಕೂರಲಿ ಎಂದು ಡಿಪೋದಲ್ಲಿ ಗುಸುಗುಸು. ಎಣ್ಣೆ ಕಲಬೆರಕೆ, ತನ್ನ ತಪ್ಪಿಲ್ಲ ಎಂದು ಮೇಸ್ತ್ರಿಯ ವಾದ. ನಾಳೆ ವಿಚಾರಣೆ.

ತಮ್ಮ ಒಳ್ಳೆಯವನು. "ಅಕ್ಕಾ, ಭಾವನದು ತಪ್ಪಿಲ್ಲ ಅಂತ ನೀನು ಹೇಳು ಸಾಕು. ಕಣ್ಣು ಮುಚ್ಕೊಂಡು ಹಾಗೇ ಬರ್ಕೊಡ್ತೀನಿ. ಭಾವ ಮತ್ತೆ ಕೆಲಸಕ್ಕೆ ಬರ್ಲಿ" ಎಂದಿದ್ದ.

"ಮೂರು ದಿನ ತಡಿ," ಎಂದು ಅವಳು ಮನೆಗೆ ಬಂದಿದ್ದಳು. ಅವತ್ತೇ ನೋಡಿ, ಈ ಹಾಳು ನಲ್ಲಿಯ ಕಾಟ ಶುರುವಾಗಿದ್ದು.

"ಎದುರಿಗೆ ನಿಂತ್ರೆ ಒಂದು ಹನಿಯೂ ಇಲ್ಲ. ಕಳ್ಳ ನನ್ಮಗಂದು," ಎಂದು ಗೊಣಗುತ್ತ ಮೇಸ್ತ್ರಿ ವಾಲ್ವ್ ಮುಚ್ಚಿದ. ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಟ್ಟ. ಗೀರು ಬೀಳದಂತೆ ನಲ್ಲಿಗೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿದ. ಕೈಯಲ್ಲಿ ಒಂದಿಷ್ಟೂ ನಡುಕವಿಲ್ಲ. ಕೈಚಳಕ ಹೋಯಿತು ಎಂದವರು ಬಂದು ನೋಡಬೇಕಿತ್ತು.

"ಕೆಳಗೆ ಪಾತ್ರೆ ಇಟ್ಟಿದ್ಯಲ್ಲ?"

"ತುಂಬಿತ್ತು. ಗಿಡಕ್ಕೆ ಹಾಕ್ದೆ."

ಕಿಟಕಿಯಲ್ಲಿದ್ದ ಗಿಡ ಬಾಡಿ ತಲೆ ಬಾಗಿಸಿತ್ತು. ಅವನು ಅತ್ತ ನೋಡಲಿಲ್ಲ.

ವಾಷರ್ ಹೊರಗೆ ಬಂತು. ನಿನ್ನೆಯಷ್ಟೇ ಹಾಕಿದ್ದು. ಸವೆದಿರಲಿಲ್ಲ, ಸೀಳಿರಲಿಲ್ಲ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಚೆನ್ನಾಗೇ ಇದೆಯಲ್ರೀ?" ಅವಳ ಧ್ವನಿಯಲ್ಲಿ ಆಸೆಯಿತ್ತು.

"ನಿನಗೇನು ಗೊತ್ತು? ಮೇಲೆ ಥಳುಕು, ಒಳಗೆ ಹುಳುಕು. ಅದಕ್ಕೇ ಸೋರ್ತಿರೋದು."

ಹೊಸ ವಾಷರ್ ಕೂರಿಸಿದ. ನಲ್ಲಿಯ ತಿರುಪಿಗೆ ಟೇಪ್ ಸುತ್ತಿ ಬಿಗಿ ಮಾಡಿದ. ಬೆನ್ನ ಹಿಂದೆ ನಿಂತು ಅವಳು ಏನೋ ಕೇಳಿದಳು. ಕೆಲಸದಲ್ಲಿ ಮುಳುಗಿದವನು ಉತ್ತರಿಸಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, "ಹೇಳಿ ಬರ್ಬಾರ್ದಾ?" ಎಂದು ರೇಗಿದ.

ವಾಲ್ವ್ ತೆರೆದ. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ನಲ್ಲಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. ಇಂಜಿನನ್ನೂ ಅವನು ಹೀಗೇ ನೋಡುವುದು. ಒಳಗೆ ಬೇರಿಂಗ್ ಸವೆದು ಕಟಕಟ ಎಂದರೆ ಬಿಚ್ಚದೆಯೇ ಹೇಳಿಬಿಡುತ್ತಾನೆಂದು ಡಿಪೋಗೆಲ್ಲ ಹೆಸರಾಗಿತ್ತು.

"ಸತ್ತೇಹೋಯ್ತು," ಎಂದು ಕಣ್ಣು ಬಿಟ್ಟು ನಕ್ಕ. "ಚೂರೂ ಸದ್ದಿಲ್ಲ. ಮೂರು ದಿನದಿಂದ ತೊಟ್ ತೊಟ್ ಅಂತ ಜೀವ ಹಿಂಡಿಹಾಕಿತ್ತು."

"ನಿಮಗೂ ಕೇಳಿಸ್ತಿತ್ತಾ? ನಿಜವಾಗ್ಲೂ?"

"ಇದೇನೇ ಹೀಗೆ ಕೇಳ್ತೀಯ? ನಿನ್ನಾಣೆಗೂ ಕೇಳಿಸ್ತಿತ್ತು!"

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ತಡೆಯಲಾರದೆ ಅತ್ತುಬಿಟ್ಟಳು.

"ಹುಚ್ಚಿ, ಒಂದು ನಲ್ಲಿಗೋಸ್ಕರ ಯಾರಾದ್ರೂ ಅಳ್ತಾರಾ?" ಮೇಸ್ತ್ರಿ ಅವಳ ತಲೆ ಸವರಿದ. "ಎದ್ದು ತಮ್ಮನಿಗೆ ಫೋನ್ ಮಾಡು. ಏನು ಬರೀಬೇಕು ಅಂತ ಹೇಳ್ಬಿಡು."

"ಹೇಳ್ತೀನಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ನಲ್ಲಿ ಒಂದು ದಿನವೂ ಸೋರಿರಲಿಲ್ಲ. 'ಸುಮ್ನಿರೇ, ಯಾವ ಸದ್ದೂ ಇಲ್ಲ' ಎಂದು ಅವನು ಜಗಳಕ್ಕೆ ಬರಲಿ, ಕಿವಿ ನೆಟ್ಟಗಿದೆ ಎಂದು ತೋರಿಸಲಿ ಎಂದೇ ಅವಳು ಮೂರು ದಿನ ಕಾದಿದ್ದಳು.