ಮೆಟ್ಟಿಲ ತಿರುವಿನ ಫ್ರಿಜ್

“ಈ ಫ್ರಿಜ್ ಇವತ್ತೇ ಆಫ್ ಆಗ್ಬೇಕು,” ಅಂದರು ಸಂಶೋಧನಾ ಸಂಸ್ಥೆಯ ನಿರ್ದೇಶಕರು, ಅಲ್ಲಿ ಕಸ ಗುಡಿಸುವವಳ ಕೋಣೆಯ ಬಾಗಿಲಲ್ಲಿ ನಿಂತು.

“ಅಮ್ಮನ ಇನ್ಸುಲಿನ್ ಇದೆ ಸಾರ್ ಅದ್ರಲ್ಲಿ. ಹೊರಗಿಟ್ರೆ ಈ ಸೆಕೆಗೆ ಕೆಟ್ಟುಹೋಗುತ್ತೆ. ನೀವೇ ತಾನೇ ಕೊಟ್ಟಿದ್ದು?”

ಕೊಟ್ಟದ್ದು ನಿಜ. ಮೇಲಿನ ಮಹಡಿಯ ತಮ್ಮ ಮನೆಗೆ ಹೊಸದು ಬಂದಾಗ, ಹದಿನೈದು ವರ್ಷದ ಈ ಹಳೆಯದನ್ನು ಅವಳಿಗೆ ದಾನ ಮಾಡಿ ಫೋಟೋ ಕೂಡ ತೆಗೆಸಿಕೊಂಡಿದ್ದರು. ಕರೆಂಟು ಕುಡಿಯುವುದರಲ್ಲಿ ಅದು ಎತ್ತಿದ ಕೈ.

ನಿರ್ದೇಶಕರೆಂದರೆ ಸಾಮಾನ್ಯರಲ್ಲ. ಬೆಳೆಯುತ್ತಿರುವ ದೇಶಗಳೆಲ್ಲ ಭೂಮಿಯ ಮೇಲೆ ಹೇರುವ ಭಾರ ಕಾಲ ಕಳೆದಂತೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂದು ನಕ್ಷೆಯಲ್ಲಿ ಹನ್ನೊಂದು ದೇಶಗಳ ಗೆರೆ ಎಳೆದು ಹೆಸರು ಮಾಡಿದವರು. ಅಷ್ಟಕ್ಕೇ ಸುಮ್ಮನಿರದೆ, ತಮ್ಮ ಕಟ್ಟಡದಲ್ಲೇ ಅದನ್ನು ಸಾಬೀತು ಮಾಡಲು ಹೊರಟಿದ್ದರು. ಮೇಲಿನ ಮನೆಯ ಕರೆಂಟು ಖರ್ಚಿಗೊಂದು ಗೆರೆ, ಕೆಳಗಿನ ಕೋಣೆಯ ಖರ್ಚಿಗೊಂದು ಗೆರೆ. ಐದು ವರ್ಷದಲ್ಲಿ ಮೇಲಿನದು ಇಳಿದು, ಕೆಳಗಿನದು ಏರಿ, ಎರಡೂ ಅಂದವಾಗಿ ಕೂಡಿದ್ದವು. ನಾಳೆ ಆ ನಕ್ಷೆಯನ್ನು ನೋಡಲು ದೊಡ್ಡವರ ತಂಡ ಬರುವುದಿತ್ತು. ಆದರೆ ಸೆಕೆಗೆ ಹಳೆಯ ಫ್ರಿಜ್ ಬಿಡುವಿಲ್ಲದೆ ಓಡಿ, ಈ ತಿಂಗಳ ಮೀಟರು ಕೈಕೊಟ್ಟಿತ್ತು. ಗುಡಿಸುವವಳ ಗೆರೆ ನಿರ್ದೇಶಕರ ಗೆರೆಯನ್ನು ದಾಟಿ ಮೇಲೆ ಹೋಗುವುದರಲ್ಲಿತ್ತು.

“ಸಾರ್, ಅಲ್ಲಿ ಇಳಿದದ್ದೂ ಇಲ್ಲಿ ಏರಿದ್ದೂ ಒಂದೇ ಫ್ರಿಜ್ಜು,” ಅಂದಳು ಜೊತೆಗೆ ಬಂದಿದ್ದ ಸಹಾಯಕಿ. “ಮನೆ ಬದಲಾಯಿಸಿದೆ, ಅಷ್ಟೇ.”

“ನಿನಗೆ ಸಂಬಳ ಕೊಡೋದು ಗೆರೆ ಎಳೆಯೋಕಮ್ಮಾ. ಫ್ರಿಜ್ ವಿಚಾರ ನಿನಗ್ಯಾಕೆ?”

ಗುಡಿಸುವವಳು ಕೈ ಒರೆಸಿಕೊಂಡಳು. “ಹಂಗಾದ್ರೆ ನೀವೇ ವಾಪಸ್ ತಗೊಳ್ಳಿ ಸಾರ್. ಹೊತ್ತು ಹೊತ್ತಿಗೆ ನಾನೇ ಮೇಲೆ ಬಂದು ಔಷಧಿ ತಗೊಂಡು ಹೋಗ್ತೀನಿ.”

“ನಮ್ಮನೆಗಾ? ನಮ್ಮ ಗೆರೆ ಏರಲ್ವಾ?” ನಿರ್ದೇಶಕರು ಹೌಹಾರಿದರು.

ಇಷ್ಟು ಓದಿದ ತಲೆ ಉಪಾಯಕ್ಕೆ ಬಡವಾದೀತೇ? ಮೆಟ್ಟಿಲ ತಿರುವಿನ ಕರೆಂಟು ಯಾರ ಗೆರೆಗೂ ಸೇರುತ್ತಿರಲಿಲ್ಲ. ಫ್ರಿಜ್ ಅಲ್ಲಿಗೆ ಹೋಯಿತು. ತುಕ್ಕು ಹಿಡಿದ ಅದರ ಬಾಗಿಲು ಬಂದವರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಎರಡು ಗೆರೆ ಕೂಡುವ ಆ ದೊಡ್ಡ ನಕ್ಷೆಯನ್ನೇ ಅದರ ಮೇಲೆ ಅಂಟಿಸಿದರು. ಸಹಾಯಕಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಟೇಪು ಹಿಡಿದುಕೊಂಡು ನಿಂತಿದ್ದವಳು ಅವಳೇ.

ಮರುದಿನ ತಂಡ ಮೆಟ್ಟಿಲ ಮೇಲೆ ಸಾಲಾಗಿ ನಿಂತು ತಲೆದೂಗುತ್ತಿತ್ತು. “ನೋಡಿ, ಮೇಲಿನವರೂ ಕೆಳಗಿನವರೂ ಈಗ ಸರಿಸಮ!” ಎಂದು ನಿರ್ದೇಶಕರು ಗೆರೆಗಳು ಕೂಡಿದ ಜಾಗಕ್ಕೆ ಕೋಲು ಇಟ್ಟರು.

“ಸ್ವಲ್ಪ ಸರ್ಕೊಳ್ಳಿ ಸಾರ್. ಅಮ್ಮನಿಗೆ ಹೊತ್ತಾಯ್ತು.”

ಗುಡಿಸುವವಳು ಪೊರಕೆ ಕೆಳಗಿಟ್ಟು ಬಾಗಿಲು ಎಳೆದಳು. ಕೂಡಿದ ಗೆರೆಗಳೆರಡೂ ಬಾಗಿಲಿನ ಜೊತೆಗೇ ಹೋಗಿ ಗೋಡೆಗೆ ಮುಖ ಮಾಡಿದವು. ಒಳಗೆ ದೀಪ ಹತ್ತಿತು. ಆಳೆತ್ತರದ ಆ ಫ್ರಿಜ್ಜಿನಲ್ಲಿ ಇದ್ದದ್ದು ಹೆಬ್ಬೆರಳು ಗಾತ್ರದ ಒಂದು ಔಷಧಿ ಸೀಸೆ. ಮಿಕ್ಕಿದ್ದೆಲ್ಲ ಖಾಲಿ.