ಮಜೀದಾಳ ಹಾಲು

ಸವಳಂಗದ ಆರೋಗ್ಯ ಕೇಂದ್ರದಲ್ಲಿ ಬಸುರಿ ಶಾಹೀನ್ ಇಂಜೆಕ್ಷನ್‌ಗೆ ತೋಳು ಚಾಚಿದಾಗ ಅವಳ ಅತ್ತೆ ಮಜೀದಾ ಕೈ ಅಡ್ಡ ಹಿಡಿದಳು. ಹೋದ ತಿಂಗಳು ಚುಚ್ಚಿದ್ದಕ್ಕೇ ಹುಡುಗಿಗೆ ಎರಡು ದಿನ ಜ್ವರ ಬಂದಿತ್ತು, ಈಗ ಇನ್ನೊಂದು ಯಾಕೆ ಎಂದು ಕೇಳಿದಳು.

ನರ್ಸ್ ನಿರ್ಮಲಮ್ಮ ಸಿರಿಂಜನ್ನು ತಟ್ಟೆಯಲ್ಲಿಟ್ಟು ಸಮಾಧಾನದಿಂದ ವಿವರಿಸಿದರು. ಇದು ಧನುರ್ವಾಯುವಿನದು. ಆ ರೋಗಾಣು ಗಾಯದೊಳಗೆ ಸೇರಿ ಒಂದು ವಿಷ ಬಿಡುತ್ತದೆ. ಇಂಜೆಕ್ಷನ್‌ನಲ್ಲಿರುವುದು ಕಸುವು ತೆಗೆದ ಅದೇ ವಿಷ. ತಾಯಿಯ ಮೈ ಅದರ ಗುರುತು ಕಲಿತು, ಅದಕ್ಕೇ ಹೋಗಿ ಅಂಟಿಕೊಳ್ಳುವಂಥ ಕಣಗಳನ್ನು ರಕ್ತದಲ್ಲಿ ತಯಾರಿಸಿಡುತ್ತದೆ. ಅವು ಅಂಟಿಕೊಂಡರೆ ನಿಜವಾದ ವಿಷ ನರಕ್ಕೆ ಹತ್ತಲಾರದು.

"ಆ ಕಣಗಳು ಹೊಟ್ಟೆಯೊಳಗಿನ ಕೂಸಿಗೂ ಹೋಗ್ತಾವೆ ಮಜೀದಮ್ಮ. ಅವು ಇಲ್ದಿದ್ರೆ, ಹೊಕ್ಕುಳಿಗೆ ಹೊಲಸು ತಾಗಿದ ಐದಾರು ದಿನಕ್ಕೆ ಕೂಸಿನ ದವಡೆ ಕಚ್ಕೊಂತೈತೆ. ಮೊಲೆ ಹಿಡಿಯಾಕೆ ಆಗಲ್ಲ."

ಮಜೀದಾಳ ಕೈ ತಾನಾಗಿ ಕೆಳಗಿಳಿಯಿತು. ಅಂಥ ಕೂಸು ಹೇಗಿರುತ್ತದೆ ಎಂದು ಕೇಳಿದಳು. ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆಯುತ್ತದೆ, ಮುಟ್ಟಿದರೂ ಸೆಟೆಯುತ್ತದೆ ಎಂದರು ನಿರ್ಮಲಮ್ಮ.

ಮಜೀದಾ ಬೆಂಚಿನ ಮೇಲೆ ಕೂತಳು. ಮೂವತ್ತೆರಡು ವರ್ಷ ಬಾಯಿ ಬಿಡದಿದ್ದುದನ್ನು ಸೊಸೆಯ ಕಡೆ ನೋಡದೆ ಹೇಳಿದಳು. ಅವಳ ಮೊದಲ ಗಂಡು ಕೂಸು ಐದು ದಿನ ಚೆನ್ನಾಗಿ ಹಾಲು ಕುಡಿದಿತ್ತು. ಆರನೆಯ ದಿನ ಬಾಯಿ ತೆರೆಯಲಿಲ್ಲ, ಎಂಟನೆಯ ದಿನ ಹೋಯಿತು. ಇವಳ ಹಾಲೇ ವಿಷ ಎಂದಿದ್ದರು ಅವಳ ಅತ್ತೆ. ಎರಡು ವರ್ಷಕ್ಕೆ, ಈಗ ಶಾಹೀನಳ ಗಂಡನಾಗಿರುವ ವಸೀಮ್ ಹುಟ್ಟಿದಾಗ ಅವಳು ಅವನನ್ನು ಎದೆಗೆ ಹಚ್ಚಲೇ ಇಲ್ಲ. ಆಡಿನ ಹಾಲು ಕುಡಿಸಿ ಬೆಳೆಸಿದಳು. ತನ್ನದನ್ನು ದಿನವೂ ಬಚ್ಚಲಲ್ಲಿ ಹಿಂಡಿ ಚೆಲ್ಲಿದಳು.

ಮೊದಲ ಕೂಸಿನ ಹೊಕ್ಕುಳಬಳ್ಳಿ ಯಾರು ಕೊಯ್ದರು ಎಂದು ನಿರ್ಮಲಮ್ಮ ಕೇಳಿದರು.

"ನಮ್ಮತ್ತೇನೇ. ಕುಡಗೋಲಿಂದ."

ನಿರ್ಮಲಮ್ಮ ಬಂದು ಪಕ್ಕದಲ್ಲಿ ಕೂತರು. "ನಿಮ್ಮ ಹಾಲಿಂದ ಏನೂ ಆಗಿಲ್ಲ ರೀ. ಆಗಾಕೆ ಸಾಧ್ಯನೇ ಇಲ್ಲ."

ಮಜೀದಾ ಅಳಲಿಲ್ಲ. ತೀರಿಹೋದ ಅತ್ತೆಯನ್ನು ಬೈಯಲೂ ಇಲ್ಲ. ಎದ್ದು ಸೊಸೆಯ ತೋಳಿನ ಬಟ್ಟೆಯನ್ನು ತಾನೇ ಮೇಲೆ ಸರಿಸಿ, ಸೂಜಿ ಹೊರಬರುವ ತನಕ ಅವಳ ಇನ್ನೊಂದು ಕೈ ಹಿಡಿದುಕೊಂಡಳು.

ಹೊರಗೆ ವಸೀಮ್ ಆಟೋಗೆ ಒರಗಿಕೊಂಡು ನಿಂತಿದ್ದ. ಮಜೀದಾ ಹತ್ತಿರ ಹೋಗಿ, ಗಡ್ಡ ಬಿಟ್ಟ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನಿಂಗೂ ಕೊಡಬೋದಿತ್ತು ಕಣಪ್ಪಾ," ಎಂದಳು.

ವಸೀಮ್ ನಕ್ಕ. "ನಂಗ್ಯಾಕಮ್ಮೀ ಇಂಜೆಕ್ಷನ್ನು?"