ಟ್ರಯಲ್ ನೋಡುವ ಗಿರಾಕಿ

ಅಂದು ಬೆಳಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಹಳೇ ಬೈಕುಗಳ ಅಂಗಡಿಯಾತ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದಾಗ ಕೊರಿಯರ್ ಹಂಚುವ ಯುವಕನೊಬ್ಬ ಬಂದ.

“ಕಮ್ಮಿ ರೇಟಿಂದು, ಮೈಲೇಜ್ ಕೊಡೋದು ತೋರಿಸಿ ಅಣ್ಣ. ಗಾಡಿ ಇಲ್ದೆ ಕೆಲಸಕ್ಕೆ ಬರ್ಬೇಡ ಅಂದಿದ್ದಾರೆ.”

“ಬೋಣಿ ಗಿರಾಕಿಗೆ ಇಲ್ಲ ಅನ್ನಲ್ಲಪ್ಪ. ಲೈಸೆನ್ಸ್ ಇಲ್ಲಿಟ್ಟು ಇದನ್ನ ಒಂದು ರೌಂಡ್ ಓಡಿಸಿ ನೋಡು.”

ಯುವಕ ಮರಳಿದಾಗ ಬಿಸಿಲೇರಿತ್ತು.

“ಏನಯ್ಯಾ, ಟ್ರಯಲ್‌ಗೆ ಕಾಶಿಗೆ ಹೋಗಿದ್ಯಾ?”

“ಬ್ರೇಕ್ ಯಾಕೋ ಸರಿಯಿಲ್ಲ ಅಣ್ಣ. ಬೇರೆ ಅಂಗಡಿ ನೋಡ್ತೀನಿ.”

“ಹೋಗುವಾಗ ಬೆನ್ನ ಮೇಲಿನ ಚೀಲ ತುಂಬಿತ್ತು. ಪಾರ್ಸೆಲ್ ಎಲ್ಲಾ ಹಂಚಿ ಬಂದ್ಯಾ?”

ಯುವಕ ಖಾಲಿ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

“ನಾಳೆ ಯಾರ ಅಂಗಡಿ?”

“ಈ ಊರಲ್ಲಿ ನಾನು ಟ್ರಯಲ್ ನೋಡದ ಅಂಗಡಿ ಇನ್ಯಾವುದೂ ಉಳಿದಿಲ್ಲ ಅಣ್ಣ.”

“ನಾಳೆ ಆ ಕೆಂಪು ಗಾಡಿ ಟ್ರಯಲ್ ನೋಡು” ಎಂದ ಅಂಗಡಿಯಾತ, ಒತ್ತೆಯಿಟ್ಟುಕೊಂಡಿದ್ದ ಲೈಸೆನ್ಸನ್ನು ಮೆಲ್ಲಗೆ ಅವನ ಕೈಗಿಟ್ಟ.